ಪೆನ್ಸಿಲ್ ಗೆರೆಯ ಮೇಲಿನ ಶಾಯಿ

ಮಾರ್ಚ್ 6, ಶುಕ್ರವಾರ. ಸಂಜೆ 5.45

ಈ ವಾರದ ತಿದ್ದುಪಡಿ ಪುಸ್ತಿಕೆ ಹನ್ನೊಂದಕ್ಕೆ ಬಂತು. ಒಟ್ಟು ಮೂವತ್ತೊಂದು. ನಮ್ಮ ಹಡಗಿನ ಚಾರ್ಟ್‌ಗಳಿಗೆ, ಅಂದರೆ ಸಮುದ್ರದ ನಕ್ಷೆಗಳಿಗೆ, ಸಂಬಂಧಪಟ್ಟದ್ದು ಒಂಬತ್ತು. ಸಮುದ್ರಕ್ಕೆ ಒಂದು ಕಡೆ ಕೂತು ಗೊತ್ತಿಲ್ಲ. ಎಲ್ಲೋ ದೀಪ ಕೆಟ್ಟಿದೆ, ಎಲ್ಲೋ ಮರಳು ಸರಿದಿದೆ, ಎಲ್ಲೋ ಹೊಸ ಬಂಡೆ ಸಿಕ್ಕಿದೆ. ಅದನ್ನೆಲ್ಲ ಕೈಯಲ್ಲಿ, ನೇರಳೆ ಶಾಯಿಯಲ್ಲಿ, ಚಾರ್ಟಿನ ಮೇಲೆ ಬರೆಯುವುದು ನನ್ನ ಕೆಲಸ. ಹದಿನಾಲ್ಕು ವರ್ಷ ಆಯಿತು. ನೌಕಾಪಡೆ ಕೊಟ್ಟ ಹುದ್ದೆಯ ಹೆಸರು ಯಾರಿಗೂ ನೆನಪಿಲ್ಲ. ಹಡಗಿನಲ್ಲಿ ನಾನು ಶಾಯಿಯಣ್ಣ.

ಕಂಪ್ಯೂಟರ್ ಚಾರ್ಟ್ ರಿಪೇರಿಗೆ ಹೋಗಿ ಎರಡು ತಿಂಗಳು. ಇವತ್ತು ಬರುತ್ತೆ, ನಾಳೆ ಬರುತ್ತೆ. ಅಲ್ಲಿಯ ತನಕ ಕಾಗದವೇ ಗತಿ. ನನಗೇನೂ ಬೇಸರವಿಲ್ಲ — ಮತ್ತೆ ಬೆಲೆ ಬಂದಿದೆ.

ತಿದ್ದುಪಡಿ ಮಾಡಿಯಾಯಿತು ಅಂತ ಟಿಕ್ ಹಾಕುವ ರಿಜಿಸ್ಟರ್ ನಾಲ್ಕಕ್ಕೆ ಕ್ಯಾಪ್ಟನ್ ಟೇಬಲ್ ಮೇಲಿರಬೇಕು. ಶಾಯಿ ಕೆಲಸ ಐದೂವರೆಗೂ ಮುಗಿಯುವುದಿಲ್ಲ, ಒಂದೊಂದೂ ಒಣಗಬೇಕು. ಆದ್ದರಿಂದ ಮೊದಲು ಒಂಬತ್ತು ಸಾಲಿಗೂ ಟಿಕ್. ಸಹಿಗೆ ಕಳಿಸು. ಆಮೇಲೆ ನಿಧಾನವಾಗಿ ಕೂತು ಮಾಡು. ನನಗೆ ಕಲಿಸಿದ ಹಳೇ ಮಾಸ್ತರೂ ಹೀಗೇ ಮಾಡುತ್ತಿದ್ದರು. ಅವರು ಕಲಿಸಿದ್ದು ಇನ್ನೊಂದು: ಪೆನ್ಸಿಲ್ ಗೆರೆಯ ಮೇಲೆ ಶಾಯಿ ಹಾಕಬೇಡ. ಸೀಸದ ಮೇಲೆ ಶಾಯಿ ಕೂರುವುದಿಲ್ಲ, ರಬ್ಬರ್ ಆಡಿಸಿದರೆ ಎರಡೂ ಎದ್ದು ಬರುತ್ತವೆ. ಮೊದಲು ನನ್ನ ಶಾಯಿ, ಆಮೇಲೆ ನ್ಯಾವಿಗೇಟರ್ ಸಾಹೇಬರ ಪೆನ್ಸಿಲ್. ಯಾವತ್ತೂ ಇದೇ ಕ್ರಮ.

ಆರು ಮುಗಿಸಿ, ಏಳನೆಯದಕ್ಕೆ ಅಂತ ಪೆನ್ನು ತೊಳೆದಿದ್ದೆ. ಮನೆಯಿಂದ ಇವಳ ಫೋನ್. ಪುಟ್ಟಿ ಸ್ಕೂಲ್ ಬಸ್ಸಿನಿಂದ ಇಳಿದಿಲ್ಲವಂತೆ.  ಬಸ್ ಡ್ರೈವರ್, ಸ್ಕೂಲ್ ಆಫೀಸು, ಮತ್ತೆ ಡ್ರೈವರ್... ನಲವತ್ತು ನಿಮಿಷ. ಕೊನೆಗೆ ನೋಡಿದರೆ ಮಹಾರಾಣಿ ಕೆಳಗಿನ ಮನೆಯ ಟೈಲರ್ ಅಜ್ಜಿಯ ಹತ್ತಿರ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದಾಳೆ. ಬೈಯಬೇಕು ಅಂದುಕೊಂಡೆ, ದನಿ ಕೇಳಿ ಸುಮ್ಮನಾದೆ. ಎಂಟು ವರ್ಷದವಳಿಗೆ ಅಷ್ಟು ಶಿಸ್ತು — ಅಪ್ಪನ ಮಗಳೇ.

ಒಂದು ಚಹಾ ಕುಡಿದು ಬಂದು ಉಳಿದ ಎರಡನ್ನೂ ಮುಗಿಸಿದೆ. ಒಂಬತ್ತಕ್ಕೆ ಒಂಬತ್ತು. ಅಕ್ಷರ ಇವತ್ತು ಮುತ್ತಿನ ಹಾಗೆ ಬಂದಿದೆ.

ಮಾರ್ಚ್ 8, ಭಾನುವಾರ. ಮಧ್ಯಾಹ್ನ 3

ನಾಳೆ ಹೊರಡುವುದು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಆ ಸಣ್ಣ ಬಂದರು ಮುಟ್ಟಬೇಕು. ದೊಡ್ಡವರು ಯಾರೋ ಸ್ವಾಗತಕ್ಕೆ ನಿಂತಿರುತ್ತಾರಂತೆ. ಕ್ಯಾಪ್ಟನ್ ಬೆಳಿಗ್ಗೆಯಿಂದ ಎಂಟು, ಎಂಟು ಅಂತ ಜಪ ಮಾಡುತ್ತಿದ್ದಾರೆ.

ನ್ಯಾವಿಗೇಟರ್ ಸಾಹೇಬರು ದಾರಿಯ ಗೆರೆ ಎಳೆದರು. ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ಚಿಕ್ಕವರು, ಆದರೂ ಇವತ್ತಿಗೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ಅವರದೊಂದು ಅಭ್ಯಾಸ. ಗೆರೆ ಎಳೆದ ಮೇಲೆ ಅದರ ಉದ್ದಕ್ಕೂ ಬೆರಳಾಡಿಸುತ್ತ ಅಕ್ಕಪಕ್ಕದ ಆಳವನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ನಾನು ಎದುರು ಕೂತು ಕೇಳಬೇಕು. ಹದಿನಾಲ್ಕು, ಹನ್ನೆರಡು, ಹನ್ನೊಂದು, ಒಂಬತ್ತು, ಒಂಬತ್ತು, ಎಂಟೂವರೆ, ಎಂಟು. ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ. ನಮ್ಮ ಹಡಗಿಗೆ ಬೇಕಾದದ್ದು ನಾಲ್ಕೂವರೆ ಮೀಟರ್. ಧಾರಾಳ.

"ನಿಮ್ಮ ಶಾಯಿ ನಂಬಿ ಗೆರೆ ಎಳೀತೀನಿ ಶಾಯಿಯಣ್ಣ," ಅಂದರು. ಒಳಗೊಳಗೇ ಉಬ್ಬಿದೆ. ಹೊರಗೆ ಪೆನ್ಸಿಲ್ ಚೂಪು ಮಾಡಿಕೊಟ್ಟೆ.

ಮಾರ್ಚ್ 10, ಮಂಗಳವಾರ. ಬೆಳಿಗ್ಗೆ 11

ಬರೆಯುವ ಮನಸ್ಸಿಲ್ಲ. ಆದರೂ ಬರೆಯಬೇಕು. ಎಲ್ಲಾದರೂ ಒಂದು ಕಡೆ ನಿಜ ಇರಬೇಕು.

7.42ಕ್ಕೆ ಹಡಗಿನ ತಳ ತಾಗಿತು. ಆಕಾಶ ತಿಳಿಯಾಗಿತ್ತು, ಬಂದರಿನ ಗೋಡೆ ಕಾಣುತ್ತಿತ್ತು, ಗೋಡೆಯ ಮೇಲೆ ಬಿಳಿ ಬಟ್ಟೆಯವರು ನಿಂತದ್ದೂ ಕಾಣುತ್ತಿತ್ತು. ಸದ್ದು ನಾನು ಅಂದುಕೊಂಡ ಹಾಗಿರಲಿಲ್ಲ. ಸಿಮೆಂಟು ನೆಲದ ಮೇಲೆ ಬೀರು ಎಳೆದ ಸದ್ದು. ಎಳೆಯುತ್ತಲೇ ಇದ್ದ ಸದ್ದು. ಆಮೇಲೆ ಹಡಗು ಎಡಕ್ಕೆ ವಾಲಿ ನಿಂತಿತು. ಎಲ್ಲರೂ ಮುಗ್ಗರಿಸಿದೆವು. ಕೆಳಗೆ ಅಡುಗೆಮನೆಯಲ್ಲಿ ಕುದಿಯುವ ನೀರಿನ ಪಾತ್ರೆ ಮಗುಚಿ ಅಡುಗೆಯಣ್ಣನ ಎರಡೂ ತೊಡೆ ಸುಟ್ಟಿದೆ. ಅವನ ಕೂಗು ಮೇಲಿನ ತನಕ ಕೇಳಿತು.

ಕ್ಯಾಪ್ಟನ್, ಸಾಹೇಬರು ಇಬ್ಬರೂ ಹೊರಗೆ ಓಡಿ ಕಟಕಟೆ ಹಿಡಿದು ನೀರು ನೋಡುತ್ತಿದ್ದರು. ಚಾರ್ಟ್ ಟೇಬಲ್ ಇರುವುದು ಪರದೆಯ ಹಿಂದೆ. ಅಲ್ಲಿ ನಾನೊಬ್ಬನೇ. ಅದು ಹೇಗೆ ಹೊಳೆಯಿತೋ... ಪುಸ್ತಿಕೆ ತೆಗೆದೆ. ಏಳನೆಯ ತಿದ್ದುಪಡಿ. ಇದೇ ಬಂದರಿನ ಬಾಯಿ. ಹೊಸದಾಗಿ ಸಿಕ್ಕ ಬಂಡೆ, ಆಳ 3.2 ಮೀಟರ್. ರಿಜಿಸ್ಟರ್ ನೋಡಿದೆ: ಟಿಕ್ ಇದೆ, ಕ್ಯಾಪ್ಟನ್ ಸಹಿ ಇದೆ. ಚಾರ್ಟ್ ನೋಡಿದೆ. ಆ ಜಾಗ ಖಾಲಿ.

 ಶುಕ್ರವಾರ ಪೆನ್ನು ತೊಳೆದದ್ದು, ಫೋನ್ ಬಂದದ್ದು, ಚಹಾ, ವಾಪಸ್ ಬಂದು ತೊಳೆದ ಪೆನ್ನು ನೋಡಿ ಏಳು ಮುಗಿಯಿತು ಅಂದುಕೊಂಡದ್ದು... ಎಲ್ಲ ಕಣ್ಣ ಮುಂದೆ ಬಂತು. ಮುಗಿದಿರಲಿಲ್ಲ. ಟಿಕ್ ಮಾತ್ರ ಮುಗಿದಿತ್ತು.

ಮುಂದಿನದನ್ನು ಬರೆಯಲೇಬೇಕು. ಬರೆಯುತ್ತೇನೆ.

8.05ಕ್ಕೆ ಪೆನ್ನು ತೆಗೆದುಕೊಂಡು ಆ ಗುರುತು ಹಾಕಿದೆ. ಚುಕ್ಕಿಗಳ ವೃತ್ತ, ಒಳಗೆ 3.2. ಬರೆಯುವಾಗ ಕೈ ಒಂದಿಷ್ಟೂ ನಡುಗಲಿಲ್ಲ. ಅದೇ ಈಗ ನನಗೆ ಹೆದರಿಕೆ ತರುವ ಸಂಗತಿ. ಪೆನ್ಸಿಲ್ ಗೆರೆ ಆಗಲೇ ಅಲ್ಲಿತ್ತು, ಮೂರರ ಹೊಟ್ಟೆಯನ್ನು ಸೀಳಿಕೊಂಡು ಹೋಗುತ್ತಿತ್ತು. ಅದರ ಮೇಲೆಯೇ ಬರೆದೆ. ಊದಿ ಒಣಗಿಸಿದೆ.

8.20ಕ್ಕೆ ಕ್ಯಾಪ್ಟನ್ ಒಳಗೆ ಬಂದರು, ಚಾರ್ಟ್ ಮೇಲೆ ಬೆರಳಿಟ್ಟರು. ಇಷ್ಟು ದಪ್ಪಗೆ ಬರೆದಿದೆ, ಕಣ್ಣಿಗೆ ಕಾಣಲಿಲ್ವಾ, ಅಂದರು. ಸಾಹೇಬರು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. 

"ಇದು ಇತ್ತಾ?" ಅಂತ ತಮ್ಮನ್ನೇ ಕೇಳಿಕೊಂಡರು. ನನ್ನ ಕಡೆ ತಿರುಗಲೂ ಇಲ್ಲ. ಆಮೇಲೆ, "ಇದ್ದಿರಬೇಕು ಸಾರ್."

ಚಾರ್ಟ್, ರಿಜಿಸ್ಟರ್ ಎರಡನ್ನೂ ಕವರಿಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಮೇಣದಬತ್ತಿ ಹಿಡಿದವನು ನಾನೇ.

ಮಾರ್ಚ್ 11, ಬುಧವಾರ. ಮಧ್ಯಾಹ್ನ

ನೀರೇರಿದಾಗ ಎರಡು ದೋಣಿಗಳು ಹಗ್ಗ ಹಾಕಿ ಎಳೆದವು. ಬಿಡಿಸಿಕೊಂಡಿತು. ತಳದಲ್ಲಿ ಹನ್ನೊಂದು ಮೀಟರ್ ಸೀಳು. ಅಡುಗೆಯಣ್ಣ ಆಸ್ಪತ್ರೆಯಲ್ಲಿ. ನಿಜ ಹೇಳುವುದಕ್ಕೆ ನಿನ್ನೆಯಿಂದ ಮೂರು ಅವಕಾಶ ಸಿಕ್ಕಿದ್ದವು. ಮೂರೂ ದಾಟಿಸಿದೆ.

ಮಾರ್ಚ್ 15, ಭಾನುವಾರ. ಬೆಳಿಗ್ಗೆ

ಮನೆ. ಹಡಗು ಡ್ರೈ ಡಾಕಿನಲ್ಲಿ, ನೀರು ಖಾಲಿ ಮಾಡಿದ ರಿಪೇರಿ ಹೊಂಡದಲ್ಲಿ, ಕಾಲು ಮುರಿದವರ ಹಾಗೆ ಮರದ ಊರುಗೋಲುಗಳ ಮೇಲೆ ನಿಂತಿದೆ. ವಿಚಾರಣೆಗೆ ಬೋರ್ಡ್ ನೇಮಿಸಿದ್ದಾರೆ.

ನಾಲ್ಕು ದಿನ ಈ ಪುಸ್ತಕ ಮುಟ್ಟಲಿಲ್ಲ. ಕಪಾಟಿನಲ್ಲಿ ಬಟ್ಟೆಗಳ ಕೆಳಗಿಟ್ಟಿದ್ದೆ. ಇವಳು ಬಟ್ಟೆ ಜೋಡಿಸಲು ಹೋದಾಗಲೆಲ್ಲ ಏನೋ ನೆಪ ಹೇಳಿ ಕರೆದೆ. ಅವಳಿಗೆ ಅನುಮಾನ ಬಂದಿದೆ — ಬೇರೆ ಥರದ್ದು. ಬಂದರೆ ಬರಲಿ ಅನಿಸುವ ಮಟ್ಟಕ್ಕೆ ಇಳಿದಿದ್ದೇನೆ.

ನಿನ್ನೆ ರಾತ್ರಿ ಊಟಕ್ಕೆ ಕೂತಿದ್ದೆವು. ಪುಟ್ಟಿ ಕೇಳಿದಳು, ಹಡಗಿಗೆ ತೂತು ಬಿದ್ದದ್ದು ಯಾರಿಂದ ಅಂತ. ಬಂಡೆಯಿಂದ ಅಂದೆ. ಬಂಡೆಗೇನು ಗೊತ್ತಾಗುತ್ತೆ ಅಂದಳು. ಇವಳು ಜೋರಾಗಿ ನಕ್ಕಳು. ನಾನು ಕೈ ತೊಳೆಯಲು ಎದ್ದೆ.

ಲೆಕ್ಕ ಹಾಕಿ ನೋಡಿದ್ದೇನೆ, ಏನೇನು ಹೋಗುತ್ತದೆ ಅಂತ. ತಪ್ಪಿದ ತಿದ್ದುಪಡಿ ಒಂದೇ ಆಗಿದ್ದರೆ ಶಿಕ್ಷೆ ಆಗುತ್ತಿತ್ತು, ಬಡ್ತಿ ನಿಲ್ಲುತ್ತಿತ್ತು, ಬದುಕುತ್ತಿದ್ದೆ. ಆದರೆ ಆಮೇಲೆ ಹಾಕಿದ ಗುರುತು ಬೇರೆ. ಅದಕ್ಕೆ ಸಾಕ್ಷ್ಯ ತಿದ್ದಿದ್ದು ಅಂತ ಹೆಸರು. ಕೆಲಸ ಹೋಗುತ್ತದೆ. ಪೆನ್ಷನ್ನಿಗೆ ಇನ್ನೊಂದೇ ವರ್ಷ. ಈ ಕ್ವಾರ್ಟರ್ಸ್ ಹೋಗುತ್ತದೆ. ಜೈಲೂ ಆಗಬಹುದು. ಸುಮ್ಮನಿದ್ದರೆ ಸಾಹೇಬರ ಕೆಲಸ ಹೋಗುತ್ತದೆ. ಇಬ್ಬರಲ್ಲಿ ಒಬ್ಬರು. ತಪ್ಪು ಮಾಡಿದವನು ಯಾರು ಅಂತ ಗೊತ್ತಿರುವವನು ಒಬ್ಬನೇ, ಅವನು ಮೊಸರನ್ನದ ತಟ್ಟೆ ಮುಂದೆ ಕೂತು ಒಂದೊಂದೇ ಅಗುಳು ಎಣಿಸುತ್ತಿದ್ದಾನೆ.

ಮಾರ್ಚ್ 19, ಗುರುವಾರ. ಸಂಜೆ 4

ಬೋರ್ಡಿನ ಮುಂದೆ ಹೋಗಿ ಬಂದೆ. ಮೂವರು. ಅಧ್ಯಕ್ಷೆ ಹಿರಿಯ ಅಧಿಕಾರಿ, ಮೂವತ್ತು ವರ್ಷ ನೌಕಾಪಡೆ ಕಂಡವರು. ದನಿ ಏರಿಸುವುದೇ ಇಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಉದ್ದದ ಟೇಬಲ್, ನೀರಿನ ಜಗ್, ಗೋಡೆಗೆ ಒಂದು ನಿಂತ ಗಡಿಯಾರ.

ಎಲ್ಲರ ಬಣ್ಣವೂ ಹೊರಬರುತ್ತಿದೆ. ಆಳ ಅಳೆಯುವ ಯಂತ್ರದ ಅಲಾರಂ ಸದ್ದನ್ನು ಯಾವತ್ತೋ ಸೊನ್ನೆಗೆ ಇಳಿಸಿಬಿಟ್ಟಿದ್ದರಂತೆ, ದಡದಲ್ಲಿ ಕಟ್ಟಿದಾಗಲೂ ಕಿರುಚುತ್ತದೆ ಅಂತ. ಇಳಿಸಿದ್ದು ಯಾರು ಅಂತ ಯಾರಿಗೂ ಗೊತ್ತಿಲ್ಲ. ಮುಂದೆ ನಿಂತು ನೀರು ನೋಡಬೇಕಾದವನನ್ನು ಸ್ವಾಗತದ ಬಾವುಟ ಕಟ್ಟಲು ಕಳಿಸಿದ್ದರು. ಬಂದರಿನ ಬಾಯಲ್ಲಿ ಆರು ನಾಟ್ ವೇಗ ಇರಬೇಕಾದಲ್ಲಿ ಹನ್ನೊಂದು ಇತ್ತು, ಎಂಟು ಗಂಟೆಯ ಜಪದಿಂದ. ಅಧ್ಯಕ್ಷೆ ಎಲ್ಲ ಬರೆದುಕೊಂಡು ಹೇಳಿದರು, "ಹಡಗು ಒಂದೇ ಕಾರಣಕ್ಕೆ ನೆಲ ಹತ್ತಲ್ಲ. ನಾಲ್ಕೈದು ಜನ ಒಬ್ಬೊಬ್ಬರೂ ಚೂರು ಚೂರು ಬಿಟ್ಟಿರ್ತಾರೆ. ನಮಗೆ ಬೇಕಾಗಿರೋದು ಆ ಚೂರುಗಳು."

ಎಷ್ಟು ಸಮಾಧಾನವಾಯಿತು ಅಂದರೆ ನಾಚಿಕೆಯಾಗುತ್ತದೆ. ಐದರಲ್ಲಿ ಒಂದು ಚೂರು ನನ್ನದು, ಅಷ್ಟೇ ತಾನೇ. ಅಲಾರಂ ಕೂಗಿದ್ದರೆ ನಿಲ್ಲಿಸುತ್ತಿದ್ದರು. ಮುಂದೆ ಒಬ್ಬ ನಿಂತಿದ್ದರೆ ನೀರಿನ ಬಣ್ಣ ನೋಡಿ ಹೇಳುತ್ತಿದ್ದ. ಹೀಗೆಲ್ಲ ಅಂದುಕೊಳ್ಳುತ್ತಿರುವಾಗಲೇ ಅವರು ನನ್ನ ಕಡೆ ತಿರುಗಿದರು.

"ಭಾನುವಾರ ನ್ಯಾವಿಗೇಟರ್ ಆಳಗಳನ್ನ ಗಟ್ಟಿಯಾಗಿ ಓದಿದ್ರು, ನೀವು ಎದುರಿಗೇ ಇದ್ರಿ ಅಂತಾರೆ. ಮೂರು ಪಾಯಿಂಟ್ ಎರಡು ಅಂತ ಓದಿದ್ದು ಕೇಳಿಸ್ತಾ?"

ಸಾಹೇಬರು ಪಕ್ಕದ ಕುರ್ಚಿಯಲ್ಲಿದ್ದರು. ನನ್ನನ್ನೇ ನೋಡುತ್ತಿದ್ದರು. ಅವರಿಗೂ ಉತ್ತರ ಬೇಕಿತ್ತು — ನನಗಿಂತ ಹೆಚ್ಚು ಬೇಕಿತ್ತು.

"ನೆನಪಿಲ್ಲ ಮೇಡಂ," ಅಂದೆ.

ಹದಿನಾಲ್ಕು, ಹನ್ನೆರಡು, ಹನ್ನೊಂದು, ಒಂಬತ್ತು, ಒಂಬತ್ತು, ಎಂಟೂವರೆ, ಎಂಟು. ಹಿಂದಿನ ಪುಟ ನೋಡಿಕೊಳ್ಳದೆ ಬರೆಯಬಲ್ಲೆ.

ಮಾರ್ಚ್ 23, ಸೋಮವಾರ. ಮಧ್ಯಾಹ್ನ 1.30

ಡ್ರೈ ಡಾಕಿನ ಅಂಚಿನಲ್ಲಿ ಸಾಹೇಬರು ಒಬ್ಬರೇ ನಿಂತಿದ್ದರು. ಕೆಳಗೆ ವೆಲ್ಡಿಂಗ್ ಕಿಡಿ. ತಪ್ಪಿಸಿಕೊಂಡು ಹೋಗೋಣ ಅಂದುಕೊಂಡೆ, ಅವರೇ ಕರೆದರು. ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಕಣ್ಣು ಸರಿ ಇದೆಯಂತೆ. ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ ಎಲ್ಲ ಓದಿಸಿದರಂತೆ, ನೇರಳೆ ಬಣ್ಣವೂ ಸರಿಯಾಗಿ ಕಂಡಿತಂತೆ.

"ಕಣ್ಣು ಕೆಟ್ಟಿದ್ರೆ ಚೆನ್ನಾಗಿತ್ತು ಶಾಯಿಯಣ್ಣ," ಅಂದರು. "ಕಣ್ಣು ಚೆನ್ನಾಗಿದೆ ಅಂದ್ರೆ ಕೆಟ್ಟಿರೋದು ಇದು." ಹಣೆ ಮುಟ್ಟಿಕೊಂಡರು.

ಬೆರಳು ಆ ಜಾಗದ ಮೇಲೆ ಹೋದದ್ದು ಅವರಿಗೆ ನೆನಪಿದೆಯಂತೆ. ಅಲ್ಲಿ ಬರಿಯ ಬಿಳಿ ಕಾಗದ ಇದ್ದದ್ದು ನೆನಪಿದೆಯಂತೆ. ಇಲ್ಲದ್ದು ಅಷ್ಟು ಸ್ಪಷ್ಟವಾಗಿ ನೆನಪಿರುವುದೇ ಭಯ ಅಂದರು. ಈಗ ಯಾವುದನ್ನೂ ನಂಬುವುದಿಲ್ಲವಂತೆ, ಮನೆ ಬೀಗವನ್ನೂ.

 ರಜೆ ಹಾಕಿ ವಿಶ್ರಾಂತಿ ತಗೊಳ್ಳಿ ಸಾರ್, ಅಂದೆ. ಈ ಮಾತು ಹೇಳಿದವನ ಬಾಯಿಗೆ ಹುಳ ಬೀಳಬೇಕು.

ಮಾರ್ಚ್ 26, ಗುರುವಾರ. ಬೆಳಿಗ್ಗೆ 9

ಸಾಹೇಬರ ಹೆಂಡತಿ ಫೋನ್ ಮಾಡಿದ್ದರು. ನಂಬರ್ ಯಾರಿಂದಲೋ ತೆಗೆದುಕೊಂಡಿದ್ದಾರೆ. ಅಣ್ಣಾ, ನಿಮಗೊಂದು ಕೇಳ್ತೀನಿ, ಅವರಿಗೆ ಹೇಳಬಾರದು ಅಂತ ಶುರು ಮಾಡಿದರು. ಹಡಗಿನಲ್ಲಿ ಇವರಿಗೆ ಮರೆವು ಇತ್ತಾ, ನೀವು ದಿನಾ ಜೊತೆಗಿದ್ದವರು, ಏನಾದರೂ ಗಮನಿಸಿದ್ದೀರಾ ಅಂತ. ಗ್ಯಾಸ್ ಆರಿಸಿದ್ದನ್ನು ನಾಲ್ಕು ಸಲ ನೋಡುತ್ತಾರಂತೆ. ಕಾರಿನ ಕೀ ಹೆಂಡತಿಯ ಕೈಗೆ ಕೊಟ್ಟು, ಮಗು ಕೂತಾಗ ನಾನು ಓಡಿಸುವುದಿಲ್ಲ ಅಂದರಂತೆ.

"ನಮ್ಮ ಮಾವನಿಗೂ ಕೊನೇಲಿ ಹೀಗೇ ಶುರುವಾಗಿತ್ತು ಅಣ್ಣಾ. ಇವರಿಗಿನ್ನೂ ಮೂವತ್ತೆರಡು."

  ನಾನು ಏನೋ ಅಂದೆ. ಅವರಿಗೆ ಮರೆವಿಲ್ಲಮ್ಮ, ಚಿನ್ನದಂಥ ತಲೆ, ಅಂದೆ. ಹಾಗಾದರೆ ಯಾಕೆ ಅಂತ ಕೇಳಿದರು. ಫೋನ್ ಕಟ್ ಮಾಡಿದೆ. ಆಮೇಲೆ ಸಿಗ್ನಲ್ ಇರಲಿಲ್ಲ ಅಂತ ಮೆಸೇಜ್ ಕಳಿಸಿದೆ. ಒಂದು ಸುಳ್ಳಿಗೆ ಇನ್ನೊಂದು ತೇಪೆ.

ಕೆಲಸ ಹೋಗುವುದು ಒಂದು. ಅದನ್ನು ನಾನು ಲೆಕ್ಕ ಹಾಕಿದ್ದೆ, ಅವರು ಇನ್ನೂ ಚಿಕ್ಕವರು, ಬೇರೆ ಕೆಲಸ ಸಿಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಇದು ಲೆಕ್ಕದಲ್ಲಿ ಇರಲಿಲ್ಲ. ಅವರ ಕಣ್ಣಿನ ಮೇಲೆ ಅವರಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ. ಒಂದು ಸಣ್ಣ ವೃತ್ತ ಬರೆದು.

ಮಾರ್ಚ್ 28, ಶನಿವಾರ. ಮಧ್ಯಾಹ್ನ 12

ತಮಾಷೆ ನೋಡಬೇಕು. ಬೋರ್ಡ್ ಇನ್ನೂ ಮುಗಿದಿಲ್ಲ, ಆಗಲೇ ಟ್ರೈನಿಂಗ್ ಆಫೀಸಿನಿಂದ ಆದೇಶ. ಈ ಘಟನೆಯಿಂದ ಕಲಿಯಬೇಕಾದ ಪಾಠಗಳನ್ನು ಎಲ್ಲ ಹಡಗುಗಳ ಬ್ರಿಡ್ಜಿನಲ್ಲಿ, ಹಡಗು ನಡೆಸುವ ಕೋಣೆಯಲ್ಲಿ, ತೂಗುಹಾಕಬೇಕಂತೆ. ಮೊದಲ ಪ್ರತಿ ಕೈಬರಹದಲ್ಲಿ ಬೇಕು. ಒಳ್ಳೆಯ ಅಕ್ಷರ ಯಾರದು? ಶಾಯಿಯಣ್ಣನದು.

ಕರಡು ಕಳಿಸಿದ್ದಾರೆ. ಅಲಾರಂ ಸದ್ದು ಇಳಿಸಬಾರದು. ಬಂದರಿನ ಬಾಯಲ್ಲಿ ಮುಂದೆ ಕಾವಲಿದ್ದವನನ್ನು ಬೇರೆ ಕೆಲಸಕ್ಕೆ ಕರೆಯಬಾರದು. ಸಮಯಕ್ಕೆ ಮುಟ್ಟುವುದಕ್ಕಿಂತ ಸುರಕ್ಷಿತವಾಗಿ ಮುಟ್ಟುವುದು ಮುಖ್ಯ. ಅನುಮಾನ ಬಂದವನು ಕ್ಯಾಪ್ಟನ್ ಎದುರಿಗೂ ಬಾಯಿ ಬಿಡಬೇಕು. ಎಲ್ಲ ಸರಿಯೇ. ಇವನ್ನು ನಾವು ಯಾರೂ ಓದಿರಲಿಲ್ಲ ಅಂತಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾದವರೇ ಎಲ್ಲ. ಮೂರನೆಯದು ಹೀಗಿದೆ: ಚಾರ್ಟಿನಲ್ಲಿ ಸ್ಪಷ್ಟವಾಗಿ ಗುರುತಿಸಿದ ಅಪಾಯವನ್ನು ನ್ಯಾವಿಗೇಟಿಂಗ್ ಅಧಿಕಾರಿ ಗಮನಿಸದೇ ಹೋಗುವುದು ಅಕ್ಷಮ್ಯ.

ಒಂದು ಬರೆದೆ. ಎರಡು ಬರೆದೆ. ಮೂರಕ್ಕೆ ಬಂದಾಗ ಜಾಗ ಬಿಟ್ಟು ನಾಲ್ಕಕ್ಕೆ ಹೋದೆ. ಏಳನೆಯ ಪಾಠದ ತನಕ ಮುಗಿಯಿತು, ಮೂರನೆಯದು ಖಾಲಿ. ಟೇಬಲ್ ಮೇಲಿಟ್ಟು ನೋಡುತ್ತ ಕೂತೆ. ಮತ್ತೆ ಅದೇ — ನನ್ನ ಶಾಯಿ, ನಡುವೆ ಒಂದು ಬಿಳಿ ಜಾಗ. ಈ ಸಲ ಅಲ್ಲಿ ಏನು ಬರೆಯಬೇಕು ಅನ್ನುವುದು ನನ್ನ ಕೈಯಲ್ಲೇ ಇದೆ.

ಸೋಮವಾರ ಸಾಹೇಬರಿಗೆ ಹೇಳುತ್ತೇನೆ. ಮೊದಲು ಅವರಿಗೆ.

ಮಾರ್ಚ್ 30, ಸೋಮವಾರ. ಸಂಜೆ 5

ಹೇಳಿದೆ. ನಂಬಲಿಲ್ಲ.

ಇದೊಂದು ಸಾಧ್ಯತೆ ತಲೆಗೇ ಹೊಳೆದಿರಲಿಲ್ಲ. ಬೈಯಬಹುದು, ಹೊಡೆಯಬಹುದು, ಕಾಲರ್ ಹಿಡಿದು ಬೋರ್ಡಿನ ಮುಂದೆ ಎಳೆದುಕೊಂಡು ಹೋಗಬಹುದು, ಎಲ್ಲದಕ್ಕೂ ತಯಾರಾಗಿ ಹೋಗಿದ್ದೆ. ಕ್ಯಾಂಟೀನಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಪೂರ್ತಿ ಹೇಳಿದೆ. ಟಿಕ್, ಫೋನ್, ತೊಳೆದ ಪೆನ್ನು, 8.05. ಅವರು ಕೇಳಿಸಿಕೊಂಡರು. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟರು.

"ನನ್ನ ಉಳಿಸೋಕೆ ನಿಮ್ಮ ಕುತ್ತಿಗೆ ಕೊಡ್ಬೇಡಿ ಶಾಯಿಯಣ್ಣ. ನಮ್ಮ ಮನೆಯವಳು ನಿಮಗೆ ಫೋನ್ ಮಾಡಿದ್ಲು ಅಂತ ಗೊತ್ತಾಯ್ತು. ಅವಳ ಪರವಾಗಿ ಕ್ಷಮೆ ಕೇಳ್ತೀನಿ."

ಇಲ್ಲ ಸಾರ್, ನಿಜವಾಗಿಯೂ, ಅಂದೆ. ಹದಿನಾಲ್ಕು ವರ್ಷದಲ್ಲಿ ನಿಮ್ಮದು ಒಂದು ತಿದ್ದುಪಡಿ ತಪ್ಪಿಲ್ಲ, ನಾನೇ ವರದಿಯಲ್ಲಿ ಬರೆದಿದ್ದೇನೆ, ಅಂದರು. ಗುರುವಾರ ಬೋರ್ಡಿನ ಕೊನೆಯ ದಿನ. ಅವರು ಹೇಳಿಕೆ ಬರೆದಿಟ್ಟಿದ್ದಾರೆ. ಗುರುತು ಇತ್ತು, ನಾನು ನೋಡಲಿಲ್ಲ ಅಂತ. ಸಹಿ ಮಾಡಿ ಕೊಟ್ಟುಬಿಟ್ಟರೆ ಮನಸ್ಸಿಗೆ ನಿರಾಳ ಅಂದರು.

ನನ್ನ ಅಕ್ಷರವನ್ನು ತಮ್ಮ ಕಣ್ಣಿಗಿಂತ ಹೆಚ್ಚು ನಂಬುವ ಮನುಷ್ಯ. ಇಷ್ಟು ದಿನ ಆ ಮಾತಿಗೆ ಹಿಗ್ಗುತ್ತಿದ್ದೆ.

ಅವರೇ ನಂಬದಿದ್ದರೆ ಬೋರ್ಡ್ ನಂಬುತ್ತದೆಯೇ? ಸ್ವಾಮಿಭಕ್ತಿ ಅಂದುಕೊಂಡು ಬೆನ್ನು ತಟ್ಟಿ ಕಳಿಸುತ್ತಾರೆ. ಬರಿ ಬಾಯಿ ಮಾತು ಸಾಲದು.

ಮಾರ್ಚ್ 31, ಮಂಗಳವಾರ. ಬೆಳಿಗ್ಗೆ 7

ಹಲ್ಲುಜ್ಜುವಾಗ ಹೊಳೆಯಿತು. ಬ್ರಷ್ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದೆ. ಇವಳು ಹುಚ್ಚು ಹಿಡಿಯಿತಾ ಅಂತ ನೋಡಿದಳು.

ಸೀಸದ ಮೇಲೆ ಶಾಯಿ ಕೂರುವುದಿಲ್ಲ. ಚಾರ್ಟಿನಲ್ಲಿ ಉಳಿದ ಎಲ್ಲ ಕಡೆ ಕೆಳಗೆ ಶಾಯಿ, ಮೇಲೆ ಪೆನ್ಸಿಲ್. ಅಲ್ಲಿ ಒಂದೇ ಒಂದು ಕಡೆ ತಿರುವುಮುರುವು. ರಬ್ಬರ್ ಆಡಿಸಿದರೆ ಬೇರೆ ಗುರುತುಗಳು ಹಾಗೇ ನಿಲ್ಲುತ್ತವೆ, ಆ ಮೂರರ ಹೊಟ್ಟೆ ಮಾತ್ರ ಗೆರೆಯ ಜೊತೆ ಎದ್ದು ಬರುತ್ತದೆ. ಗೆರೆ ಎಳೆದ ಮೇಲೆ ಬರೆದದ್ದು ಅಂತ ಯಾರಿಗಾದರೂ ತಿಳಿಯುತ್ತದೆ. ಹಳೇ ಮಾಸ್ತರು ಇದ್ದಿದ್ದರೆ ಭೂತಗನ್ನಡಿಯೂ ಬೇಡವಾಗಿತ್ತು, ಬರಿಗಣ್ಣಿನಲ್ಲಿ ಹಿಡಿದು ಕಪಾಳಕ್ಕೆ ಹೊಡೆಯುತ್ತಿದ್ದರು.

ಇನ್ನೊಂದು ಸಾಕ್ಷಿ ಈ ಪುಸ್ತಕ. ಮಾರ್ಚ್ 10ರ ಪುಟ.

ಇದನ್ನು ಯಾರೂ ಓದಬಾರದು ಅಂತ ಬರೆಯುತ್ತಿದ್ದೆ. ಇವಳ ಬಗ್ಗೆ, ಕ್ಯಾಪ್ಟನ್ ಬಗ್ಗೆ ಬರೆದದ್ದೂ ಇದೆ. ಹಿಂದಿನ ಪುಟಗಳನ್ನು ಕತ್ತರಿಸಬಹುದು... ಬೇಡ. ಕತ್ತರಿಸಿದ ಪುಸ್ತಕವನ್ನು ಯಾರು ನಂಬುತ್ತಾರೆ. ತಿದ್ದಿದ್ದು ಒಂದು ಸಲ ಸಾಕು.

ಏಪ್ರಿಲ್ 1, ಬುಧವಾರ. ಸಂಜೆ 6

ಇವಳಿಗೆ ಹೇಳಿದೆ. ಬೇಳೆ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. ಕ್ವಾರ್ಟರ್ಸ್ ಎಷ್ಟು ದಿನದಲ್ಲಿ ಬಿಡಬೇಕಾಗುತ್ತೆ ಅಂತ ಮೊದಲು ಕೇಳಿದಳು. ಗೊತ್ತಿಲ್ಲ ಅಂದೆ. ಪುಟ್ಟಿಯ ಸ್ಕೂಲು ಅಂದಳು.  ಮೊರದ ಅಂಚನ್ನು ಸವರಿದಳು.

"ಆವತ್ತು ಫೋನ್ ಮಾಡಿದ್ದು ನಾನೇ ಅಲ್ವಾ," ಅಂದಳು.

ಫೋನ್ ಮಾಡಿದ್ದು ನೀನು, ಟಿಕ್ ಹಾಕಿದ್ದು ನಾನು, ಅಂದೆ. ಫೋನ್ ಬರುತ್ತಿರುತ್ತದೆ. ಮಕ್ಕಳು ಕಣ್ತಪ್ಪಿಸಿ ಎಲ್ಲೋ ಹೋಗಿ ಕೂರುತ್ತಿರುತ್ತಾರೆ. ಅದಕ್ಕೇ ಟಿಕ್ ಆಮೇಲೆ ಹಾಕಬೇಕಾದದ್ದು.

ಇಷ್ಟು ದಿನ ಬೇರೆ ಹೆಂಗಸಿನ ಸಹವಾಸ ಅಂದುಕೊಂಡಿದ್ದಳಂತೆ. ಅದೇ ಆಗಿದ್ದರೆ ಚೆನ್ನಾಗಿತ್ತು ಅಂದಳು, ನಗಲಿಲ್ಲ. ಆಮೇಲೆ ಎದ್ದು ನಾಳೆಗೆ ಅಂಗಿ ಇಸ್ತ್ರಿ ಮಾಡಿದಳು. ಕಾಲರನ್ನು ಎರಡು ಸಲ. ಪುಟ್ಟಿಯ ಪೆಟ್ಟಿಗೆಯಿಂದ ಒಂದು ರಬ್ಬರ್ ತೆಗೆದುಕೊಂಡೆ. ಹೊಸದು, ಮೂಲೆ ಸವೆಯದ್ದು. ಯಾಕೆ ಅಂತ ಪುಟ್ಟಿ ಕೇಳಿದಳು. ಒಂದು ತಪ್ಪು ಅಳಿಸಬೇಕು ಅಂದೆ. ವಾಪಸ್ ಕೊಡಬೇಕು ಅಂತ ಷರತ್ತು.

ಹೆದರಿಕೆ ಹೋಗಿಲ್ಲ.  ಆದರೆ ಇವತ್ತು ಎರಡು ತಟ್ಟೆ ಅನ್ನ ಇಳಿಯಿತು.

ಏಪ್ರಿಲ್ 2, ಗುರುವಾರ. ಬೆಳಿಗ್ಗೆ 10.40

ಬೋರ್ಡಿನ ಕೋಣೆಯ ಹೊರಗಿನ ಬೆಂಚು. ಸಾಹೇಬರು ಎದುರು ಬೆಂಚಿನಲ್ಲಿ. ಕೈಯಲ್ಲಿ ಹೇಳಿಕೆಯ ಹಾಳೆ, ಮಡಚಿ ಬಿಡಿಸಿ ಮಡಚಿ ಬಟ್ಟೆಯಂತಾಗಿದೆ. ಅವರನ್ನು ಕರೆಯುವುದು ಹನ್ನೊಂದಕ್ಕೆ. ಅಧ್ಯಕ್ಷೆಗೆ ಚೀಟಿ ಕಳಿಸಿದ್ದೇನೆ: ಅವರು ಸಹಿ ಮಾಡುವ ಮೊದಲು ನನ್ನನ್ನು ಕರೆಯಿರಿ, ಚಾರ್ಟನ್ನು ಹೊರಗೆ ತೆಗೆದಿಡಿ. ಕಾವಲಿನವರು ಚೀಟಿ ಓದಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಇನ್ನೂ ಬಂದಿಲ್ಲ.

ಸಾಹೇಬರು ಆಗಿನಿಂದ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ. ಪೆನ್ನು ಇದೆಯೇ ಅಂತ. ಇದೆ. ಮತ್ತೆ ನೋಡುತ್ತಾರೆ.

ಪಾಠಗಳ ಹಾಳೆಯನ್ನೂ ತಂದಿದ್ದೇನೆ. ಮೂರನೆಯ ಜಾಗ ತುಂಬಿಸಿದೆ, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. "ಮಾಡಿ ಮುಗಿಸದ ಕೆಲಸಕ್ಕೆ ಟಿಕ್ ಹಾಕಬಾರದು. ಚಾರ್ಟ್ ತಿದ್ದುವವನ ಟಿಕ್ಕನ್ನು ಇನ್ನೊಬ್ಬರು ಚಾರ್ಟ್ ಜೊತೆ ಹೋಲಿಸಿ ನೋಡಬೇಕು, ಅವನು ಎಷ್ಟೇ ಹಳಬನಾಗಿರಲಿ."

ಒಳಗೆ ಹೋದ ಮೇಲೆ ಬಾಯಿ ಕಟ್ಟಬಹುದು. ಹೇಳಬೇಕಾದದ್ದನ್ನು ಇಲ್ಲೇ ಬರೆದುಕೊಳ್ಳುತ್ತೇನೆ.

ಏಳನೆಯ ತಿದ್ದುಪಡಿ ಮಾಡಿರಲಿಲ್ಲ.
ಗುರುತು ಹಾಕಿದ್ದು ಹಡಗು ತಾಗಿದ ಮೇಲೆ.
ಅವರು ಓದಿದಾಗ ಅಲ್ಲಿ ಬಿಳಿ ಕಾಗದವೇ ಇತ್ತು, ಅವರಿಗೆ ನೆನಪಿರುವ ಹಾಗೆಯೇ. ನನಗೂ ನೆನಪಿದೆ.
ರಬ್ಬರ್ ಆಡಿಸಿ ನೋಡಿ.

ನಾಲ್ಕು ಸಾಲು. ಟಿಕ್ ಒಂದಕ್ಕೂ ಹಾಕಿಲ್ಲ. ಹೇಳಿ ಬಂದ ಮೇಲೆ ಹಾಕುತ್ತೇನೆ. ಪುಸ್ತಕ ಒಳಗೇ ಉಳಿದರೆ ಅವರೇ ಹಾಕಲಿ, ಒಂದೊಂದನ್ನೂ ನೋಡಿ.

ಬಾಗಿಲು ತೆರೆಯಿತು. ಕಾವಲಿನವರು ಕೈ ಮಾಡುತ್ತಿದ್ದಾರೆ — ನನಗೆ. ಸಾಹೇಬರು ತಲೆಯೆತ್ತಿ ನೋಡಿದರು, ನನ್ನ ಕೈಯಲ್ಲಿರುವ ರಬ್ಬರನ್ನು. ಈಗ ಅವರ ಮುಖ ಬದಲಾಗುತ್ತಿದೆ — ಅರ್ಥವಾಗಿರಬೇಕು. ಒಳಗೆ ಹೋಗುತ್ತೇನೆ.